ಕೆಡದ ಪೆಟ್ಟಿಗೆಯನ್ನು ಕೆಟ್ಟಿತೆನ್ನುವ ಅಧಿಕಾರ ಯಾರದು?

ಗಿರಣಿಯಲ್ಲಿ ಯಂತ್ರವೊಂದು ನಿಂತಿತೆಂದರೆ ಫಿಟ್ಟರನು ಮೊದಲು ಕೇಳುವ ಪ್ರಶ್ನೆ, ಏನು ಕೆಟ್ಟಿದೆ ಎಂಬುದು. ಬೆಲ್ಟು ಹರಿದಿದ್ದರೆ ಹೊಲಿಸುತ್ತಾನೆ, ಬೇರಿಂಗು ಸವೆದಿದ್ದರೆ ಬದಲಿಸುತ್ತಾನೆ, ಮೋಟಾರು ಸುಟ್ಟಿದ್ದರೆ ವೈಂಡಿಂಗಿಗೆ ಕಳಿಸುತ್ತಾನೆ. ಹರಿಯದೆ, ಸವೆಯದೆ, ಸುಡದೆ ಇರುವ ಯಂತ್ರವೊಂದು, ಪಕ್ಕದ ಕೋಣೆಗೆ ಹೊಸ ಯಂತ್ರ ಬಂದಿತೆಂಬ ಒಂದೇ ಕಾರಣಕ್ಕೆ ತಿರುಗಲು ಒಲ್ಲೆನೆಂದರೆ ಅವನು ನಂಬುವನೆ? ನಂಬಲಾರನು. ಆದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಊರುಗಳ ಸಣ್ಣ ಧ್ವನಿಮುದ್ರಣದ ಅಂಗಡಿಗಳಲ್ಲಿ ಇಂದು ನಡೆಯುತ್ತಿರುವುದು ಇದೇ ಸೋಜಿಗ. ಧ್ವನಿಮುದ್ರಣದ ಪೆಟ್ಟಿಗೆ ಸರಿಯಾಗಿದೆ. ಹೊಸ ಕಂಪ್ಯೂಟರು ಅದನ್ನು ಗುರುತಿಸುವುದಿಲ್ಲ. ಆದುದರಿಂದ ಪೆಟ್ಟಿಗೆ ಗುಜರಿಗೆ. ಈ ತೀರ್ಪನ್ನು ಕೊಟ್ಟವರು ಯಾರು, ಅದಕ್ಕೆ ತಲೆಬಾಗಬೇಕೆ ಎಂಬುದನ್ನು ವಿಚಾರ ಮಾಡೋಣ.

ಪೆಟ್ಟಿಗೆಯೆಂದರೆ ಏನೆಂದು ಮೊದಲು ಹೇಳಬೇಕು. ಅಂಗಡಿಯವರು ಇದನ್ನು ಸೌಂಡ್ ಕಾರ್ಡ್ ಎನ್ನುತ್ತಾರೆ; ಕಂಪನಿಯವರು ಬರೆಯುವುದು ಆಡಿಯೋ ಇಂಟರ್‌ಫೇಸ್ ಎಂದು. ಊಟದ ಡಬ್ಬಿಯಷ್ಟು ದೊಡ್ಡದು. ಒಂದು ಮಗ್ಗುಲಲ್ಲಿ ಮೈಕಿನ ವಯರು ಸಿಕ್ಕಿಸುವ ತೂತುಗಳು, ಮೇಲೆ ತಿರುಗಿಸುವ ಗುಂಡಿಗಳು, ಇನ್ನೊಂದು ಮಗ್ಗುಲಿನಿಂದ ಕಂಪ್ಯೂಟರಿಗೆ ಹೋಗುವ ಒಂದು ಕೇಬಲ್ಲು. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟನ್ನೂ ಅನೇಕ ಪೆಟ್ಟಿಗೆಗಳು ತಾವೇ ಒದಗಿಸುತ್ತವೆ. ಮೈಕಿನಿಂದ ಬರುವ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕೆಯಾಗಿಸಿ ಕಂಪ್ಯೂಟರಿಗೆ ಒಪ್ಪಿಸುವುದು ಇದರ ಕಸುಬು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಇದ್ದ ಅಳತೆಯೇ ಇದು. ಮನುಷ್ಯನ ಕಿವಿಯಂತೂ ಅಂದಿನಿಂದ ಬದಲಾಗಿಲ್ಲ. ಹದಿನೈದು ವರ್ಷದ ಹಿಂದೆ ಒಳ್ಳೆಯದಾಗಿದ್ದ ಪೆಟ್ಟಿಗೆ ಇಂದಿಗೂ ಒಳ್ಳೆಯದೇ ಎಂದು ನಾವು ಹೇಳುವುದು ಇದರಿಂದ.

ಇದರಿಂದ ನಮಗೇನು ಎಂದು ಕೇಳುವ ವ್ಯಾಪಾರಸ್ಥರು ಸಂತೆಯ ದಿನ ಕಿವಿಗೊಡಲಿ. ಆಟೋದ ಮೇಲೆ ಕೂಗುತ್ತ ಹೋಗುವ ಸೀರೆ ಅಂಗಡಿಯ ಪ್ರಚಾರ ಇಂಥ ಪೆಟ್ಟಿಗೆಯ ಮೂಲಕ ಬಂದದ್ದು. ಭಜನಾ ಮಂಡಳಿಯ ಹಾಡು, ಬಯಲಾಟದ ಪದ, ಜಾತ್ರೆಯ ನಾಟಕದ ಹಿನ್ನೆಲೆ, ಎಲ್ಲವೂ ಇದೇ ದಾರಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ವರ್ಷಕ್ಕೊಮ್ಮೆ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಒಂದೇ ಮಾತಿನದು. ಅದನ್ನು ಹಿಡಿದಿಟ್ಟುಕೊಳ್ಳಲು ಎಷ್ಟು ಜನ ಹಾತೊರೆಯುತ್ತಾರೆಂಬುದು ಜಾತ್ರೆಗೆ ಹೋದವರಿಗೆ ಗೊತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಮುದ್ರಿಸಿದ ಎಷ್ಟೋ ದನಿಗಳು ಇನ್ನೂ ಮನೆಗಳ ಟ್ರಂಕುಗಳಲ್ಲಿವೆ. ಹಾರ್ಮೋನಿಯಂ ಮಾಸ್ತರರು, ಸೋಬಾನೆ ಹೇಳುತ್ತಿದ್ದ ಅಜ್ಜಿಯರು, ಕಂಪನಿ ನಾಟಕದ ನಟರು, ಇವರಲ್ಲಿ ಹಲವರು ಈಗಿಲ್ಲ. ಟೇಪು ವರ್ಷ ವರ್ಷಕ್ಕೂ ಬೂಸಲು ಹಿಡಿಯುತ್ತ, ಅಂಟುತ್ತ ಹೋಗುತ್ತದೆ. ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಬೇಕಾದ ಸೇತುವೆ ಈ ಪೆಟ್ಟಿಗೆಯೇ. ಸೇತುವೆಯನ್ನು ಗುಜರಿಗೆ ಹಾಕಿದ ಮೇಲೆ ಟೇಪು ಕಾಯುತ್ತ ಕೂಡುವುದಿಲ್ಲ.

ಕೊಟ್ಟೂರಿನ ಒಂದು ಅಂಗಡಿಯಲ್ಲಿ ನಾವು ಕಂಡದ್ದನ್ನು ಇಲ್ಲಿ ಹೇಳಬಹುದು. ಆ ಅಂಗಡಿಯವರ ಹಳೆಯ ಕಂಪ್ಯೂಟರು ಸುಟ್ಟುಹೋಯಿತು. ಸಾಲ ಮಾಡಿ ಹೊಸದನ್ನು ತಂದರು. ಪೆಟ್ಟಿಗೆಯನ್ನು ಸಿಕ್ಕಿಸಿದರೆ ದೀಪ ಹತ್ತುತ್ತದೆ, ಕಂಪ್ಯೂಟರು ಮಾತ್ರ ಗುರುತೇ ಇಲ್ಲದವರ ಹಾಗೆ ಕೂಡುತ್ತದೆ. ಕಂಪ್ಯೂಟರು ಮಾರಿದವನಿಗೆ ಫೋನು ಮಾಡಿದರೆ, "ಅದರ ಕಾಲ ಮುಗೀತು ಯಜಮಾನ್ರೇ, ಗುಜರಿಗೆ ಹಾಕ್ರಿ, ಹೊಸದು ಕಳಸ್ತೀನಿ" ಎಂಬ ಉತ್ತರ. ಮಾರುವವನು ಮಾರಾಟದ ಮಾತನ್ನೇ ಆಡುತ್ತಾನೆ, ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಅಂಗಡಿಯ ಮೇಜಿನ ಮೇಲೆ ಒಬ್ಬ ಹೆಣ್ಣುಮಗಳು ಕೊಟ್ಟುಹೋದ ಆರು ಕ್ಯಾಸೆಟ್ಟುಗಳಿದ್ದವು. ಅವಳ ತಂದೆ ಹಾಡಿದ ರಂಗಗೀತೆಗಳು. ತಂದೆ ತೀರಿಕೊಂಡು ಹತ್ತು ವರ್ಷಕ್ಕೂ ಮೇಲಾಗಿದೆ.

ಪೆಟ್ಟಿಗೆ ಮೌನವಾದದ್ದೇಕೆ? ಪೆಟ್ಟಿಗೆಯ ಭಾಷೆ ಬೇರೆ, ಕಂಪ್ಯೂಟರಿನ ಭಾಷೆ ಬೇರೆ. ನಡುವೆ ಒಬ್ಬ ದುಭಾಷಿ ಬೇಕು. ಈ ದುಭಾಷಿಗೆ ಡ್ರೈವರ್ ಎಂದು ಹೆಸರು. ಅದು ಕಬ್ಬಿಣದ ವಸ್ತುವಲ್ಲ, ಒಂದು ಸಣ್ಣ ತಂತ್ರಾಂಶ. ಬಸ್ಸಿನ ಡ್ರೈವರ್ ರಜೆ ಹಾಕಿದನೆಂದು ಹಗರಿಬೊಮ್ಮನಹಳ್ಳಿ ನಿಲ್ದಾಣದಲ್ಲಿ ನಿಂತ ಬಸ್ಸನ್ನು ಯಾರೂ ಗುಜರಿಗೆ ಎಳೆದೊಯ್ಯುವುದಿಲ್ಲ. ಬೇರೆ ಡ್ರೈವರನ್ನು ಹುಡುಕುತ್ತಾರೆ. ಪೆಟ್ಟಿಗೆಯ ವಿಷಯದಲ್ಲಿ ಮಾತ್ರ, ಬೇರೆ ಡ್ರೈವರನ್ನು ತಯಾರಿಸಲು ಬೇಕಾದ ಮಾಹಿತಿಯು ತಯಾರಕನ ಬೀರುವಿನಲ್ಲಿ ಭದ್ರವಾಗಿದೆ.

ವಿಂಡೋಸ್ ಎಕ್ಸ್‌ಪಿಯ ಕಾಲದ ಡ್ರೈವರುಗಳು ಬಹುಪಾಲು 32 ಬಿಟ್ಟಿನವು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ. ಆ ಹಳೆಯ ಡ್ರೈವರುಗಳು ಅದರಲ್ಲಿ ಓಡಲಾರವು. 64 ಬಿಟ್ಟಿನದಾದರೂ ಸರಿಯಾದ ಸಹಿಯಿಲ್ಲದಿದ್ದರೆ ಒಳಗೆ ಬಿಡರು. ಇತ್ತ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಅನೇಕವು ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿಲ್ಲದವು. ಕಂಪ್ಯೂಟರು ಬದಲಿಸು ಎಂದು ಒಬ್ಬ, ಬದಲಿಸಿದ ಮೇಲೆ ಪೆಟ್ಟಿಗೆ ಬದಲಿಸು ಎಂದು ಇನ್ನೊಬ್ಬ. ಆಪಲ್ ಕಂಪನಿಯೂ ಹಿಂದೆ ಬಿದ್ದಿಲ್ಲ. ಒಂದು ಕಾಲಕ್ಕೆ ದೊಡ್ಡ ಸ್ಟುಡಿಯೋಗಳು ಮೆಚ್ಚಿ ಕೊಂಡ ಫೈರ್‌ವೈರ್ ಪೆಟ್ಟಿಗೆಗಳಿಗೆ, 2025ರಲ್ಲಿ ಬಂದ ಅದರ ಮ್ಯಾಕ್ ಓಎಸ್ 26ರಲ್ಲಿ ಬಾಗಿಲು ಮುಚ್ಚಿತು.

ಹೀಗಿರುವಲ್ಲಿ ಗುಜರಿಯವನನ್ನು ಕರೆಯುವ ಮೊದಲು ಮಾಡತಕ್ಕದ್ದು ಹಲವಿದೆ. ಇದನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತೇವೆ, ಓದುಗರು ಬೇಸರಿಸಬಾರದು.

ಪೆಟ್ಟಿಗೆಗಳಲ್ಲಿ ಎರಡು ಜಾತಿ. ಒಂದು, ಎಲ್ಲರೂ ಒಪ್ಪಿದ ಸಾಮಾನ್ಯ ಭಾಷೆಯನ್ನಾಡುವುದು. ಯುಎಸ್‌ಬಿ ಆಡಿಯೋ ಕ್ಲಾಸ್ ಎಂಬ ಈ ನಿಯಮಾವಳಿ 1998ರಲ್ಲಿ ಬಂದಿತು, ಅದರ ಎರಡನೆಯ ಆವೃತ್ತಿ 2006ರಲ್ಲಿ. ಮೊದಲನೆಯದನ್ನು ಇಂದಿನ ಎಲ್ಲ ಕಂಪ್ಯೂಟರುಗಳೂ ಬಲ್ಲವು. ಎರಡನೆಯದನ್ನು ವಿಂಡೋಸ್ ಸ್ವತಃ ಕಲಿತದ್ದು 2017ರಲ್ಲಿ ಮಾತ್ರ. ಈ ಜಾತಿಯ ಪೆಟ್ಟಿಗೆಗೆ ಪ್ರತ್ಯೇಕ ದುಭಾಷಿ ಬೇಕಿಲ್ಲ. ಇನ್ನೊಂದು ಜಾತಿ, ಮನೆಭಾಷೆಯೊಂದನ್ನೇ ಆಡುವುದು. ಕೆಲವು ಎರಡನ್ನೂ ಆಡಬಲ್ಲವು. ಎಡಿರಾಲ್ ಯುಎ-25 ಎಂಬ ಪೆಟ್ಟಿಗೆಯಲ್ಲಿ ಅಡ್ವಾನ್ಸ್ ಎಂಬ ಸಣ್ಣ ಸ್ವಿಚ್ಚಿದೆ. ಅದನ್ನು ಆಫ್ ಮಾಡಿ, ಕೇಬಲ್ಲು ತೆಗೆದು ಮತ್ತೆ ಸಿಕ್ಕಿಸಿದರೆ ಅದು ಮನೆಭಾಷೆ ಬಿಟ್ಟು ಸಾಮಾನ್ಯ ಭಾಷೆಗಿಳಿಯುತ್ತದೆ. ಗುಣಮಟ್ಟ 24 ಬಿಟ್ಟಿನಿಂದ 16 ಬಿಟ್ಟಿಗೆ ಇಳಿಯುವುದು ನಿಜ, ಸಿ.ಡಿ.ಯೂ 16 ಬಿಟ್ಟೇ. ಹಳೆಯ ಕ್ಯಾಸೆಟ್ಟಿನ ದನಿಗೆ ಇದು ಧಾರಾಳವಾಗಿ ಸಾಕು. ಆದುದರಿಂದ ಯಾವ ತಂತ್ರಾಂಶವನ್ನೂ ಹಾಕದೆ ಪೆಟ್ಟಿಗೆಯನ್ನು ಬರಿದೇ ಸಿಕ್ಕಿಸಿ ನೋಡುವುದೂ, ಅದರ ಬೆನ್ನು ಹೊಟ್ಟೆಗಳಲ್ಲಿ ಯಾವುದಾದರೂ ಸ್ವಿಚ್ಚಿದೆಯೇ ಎಂದು ಹುಡುಕುವುದೂ ಮೊದಲ ಕೆಲಸ. ಸಿಕ್ಕಿಸುವಾಗ ನಾಲ್ಕು ತೂತಿನ ಹಬ್ಬಿಗೆ ಸಿಕ್ಕಿಸದೆ ಕಂಪ್ಯೂಟರಿನ ಮೈಗೇ ಸಿಕ್ಕಿಸಬೇಕು. ಪೆಟ್ಟಿಗೆ ಕೇಬಲ್ಲಿನಿಂದಲೇ ಕರೆಂಟು ಕುಡಿಯುವಂಥದು. ಹಂಚಿಕೊಂಡ ಕರೆಂಟು ಸಾಲದೆ ಬಂದಿದ್ದರೂ ಬಂದೀತು.

ಪೆಟ್ಟಿಗೆಯ ಹೆಸರು ಪರದೆಯ ಮೇಲೆ ಕಾಣುತ್ತದೆ, ಆದರೆ ಮೈಕಿನ ದನಿ ಬರುವುದಿಲ್ಲ ಎಂಬ ದೂರೂ ಬಹಳ. ಹೊಸ ವಿಂಡೋಸಿನ ಸೆಟ್ಟಿಂಗಿನಲ್ಲಿ ಪ್ರೈವೆಸಿ ಎಂಬ ಭಾಗವಿದೆ. ಅದರಲ್ಲಿ ಮೈಕ್ರೋಫೋನ್ ಬಳಸಲು ಅನುಮತಿ ಕೊಟ್ಟಿಲ್ಲದಿದ್ದರೆ ಎಂಥ ಪೆಟ್ಟಿಗೆಯಾದರೂ ಮೂಕ. ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ಮನೆಭಾಷೆಯ ಪೆಟ್ಟಿಗೆಯಾದರೆ ತಯಾರಕನ ತಾಣದಲ್ಲಿ ಕಟ್ಟಕಡೆಯ ಡ್ರೈವರನ್ನು ಹುಡುಕಬೇಕು. ವಿಂಡೋಸ್ 7ಕ್ಕೋ 8.1ಕ್ಕೋ ಎಂದು ಬರೆದಿದ್ದರೂ 64 ಬಿಟ್ಟಿನದಾಗಿದ್ದರೆ ಹೊಸದರಲ್ಲಿ ಓಡುವುದುಂಟು, ಪ್ರಯತ್ನಿಸಿ ನೋಡಬೇಕು. ಮೆಮೊರಿ ಇಂಟೆಗ್ರಿಟಿ ಎಂಬ ಕಾವಲುಗಾರನು ಕೆಲವು ಹಳೆಯ ಡ್ರೈವರುಗಳನ್ನು ತಡೆಯುತ್ತಾನೆ. ಅವನನ್ನು ಮಲಗಿಸಬಹುದು, ಆದರೆ ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಈ ಸಾಹಸ ಕೂಡದು. ಎಲ್ಲಿಂದಲೋ ಯಾರೋ ಹಾಕಿದ ಡ್ರೈವರನ್ನು ಇಳಿಸಿಕೊಳ್ಳುವುದೂ ಕೂಡದು. ದುಭಾಷಿಯ ವೇಷದಲ್ಲಿ ಕಳ್ಳ ಬಂದಾನು. ಇನ್ನೊಂದು ಮಾತು. ಏಸಿಯೋ-ಫಾರ್-ಆಲ್ ಎಂಬ ಉಚಿತ ತಂತ್ರಾಂಶವನ್ನು ಹಾಕಿದರೆ ಎಲ್ಲವೂ ಸರಿಹೋಗುವುದೆಂದು ಅನೇಕರು ಹೇಳುತ್ತಾರೆ. ಅದು ಇರುವ ಡ್ರೈವರಿನ ಮೇಲೆ ಕೂತು ದನಿ ತಡವಾಗುವುದನ್ನು ತಗ್ಗಿಸುವುದೇ ಹೊರತು ಇಲ್ಲದ ಡ್ರೈವರನ್ನು ಹುಟ್ಟಿಸಲಾರದು.

ಇಷ್ಟಕ್ಕೂ ಬಗ್ಗದಿದ್ದರೆ ಲಿನಕ್ಸ್ ಇದೆ. ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿರುವ ವಿಂಡೋಸನ್ನು ಮುಟ್ಟದೆಯೇ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಖರ್ಚು ಪೆನ್‌ಡ್ರೈವಿನದು ಮಾತ್ರ. ತಯಾರಕರು ಕೈಬಿಟ್ಟ ಅನೇಕ ಪೆಟ್ಟಿಗೆಗಳಿಗೆ ಅದರಲ್ಲಿ ಡ್ರೈವರ್ ಸಿದ್ಧವಾಗಿರುತ್ತದೆ. ಕೊಟ್ಟೂರಿನ ಅಂಗಡಿಯಲ್ಲಿ ಕೊನೆಗೆ ಆದದ್ದು ಇದೇ. ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗನೊಬ್ಬ ಪೆನ್‌ಡ್ರೈವು ತಂದ. ಎರಡು ಸಲ ಸೋತು ಮೂರನೆಯ ಸಲ ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು. ಆರು ಕ್ಯಾಸೆಟ್ಟುಗಳಲ್ಲಿ ಐದು ಇಳಿದವು. ಆರನೆಯದರ ಟೇಪು ಅಂಟಿಹೋಗಿತ್ತು, ಅದಕ್ಕೆ ಯಾವ ಡ್ರೈವರೂ ಏನೂ ಮಾಡಲಾರದು.

ಲಿನಕ್ಸ್ ಎಂದರೆ ಪಂಡಿತರ ಸೊತ್ತೆಂಬ ಹೆದರಿಕೆ ನಮ್ಮಲ್ಲಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರು ಕಲಿಯುವುದು ಇದರಲ್ಲೇ, ಕಾಸರಗೋಡಿನ ಕನ್ನಡದ ಮಕ್ಕಳೂ ಸೇರಿ. ಹತ್ತು ವರ್ಷದ ಮಗು ಕಲಿಯುವುದನ್ನು ನಲವತ್ತರ ಅಂಗಡಿಯವನು ಕಲಿಯಬಲ್ಲನು. ಪಾಠ ಹೇಳಿದ ಅನುಭವದಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇವೆ. ಆದರೂ ಲಿನಕ್ಸಿನಲ್ಲಿ ಎಲ್ಲ ಪೆಟ್ಟಿಗೆಗಳೂ ನಡೆಯುತ್ತವೆಂದರೆ ಸುಳ್ಳಾದೀತು. ಕೈಗೆ ರೂಢಿಯಾದ ತಂತ್ರಾಂಶಗಳಲ್ಲಿ ಕೆಲವು ಅಲ್ಲಿ ಸಿಗುವುದಿಲ್ಲ. ಅಡಾಸಿಟಿ, ಆರ್ಡರ್ ಎಂಬುವುಗಳಿಂದ ಕೆಲಸ ಸಾಗಿಸಬೇಕು. ಏನೂ ಆಗದಿದ್ದರೆ, ಕೆಲಸ ಮಾಡುತ್ತಿರುವ ಹಳೆಯ ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ, ಧ್ವನಿಮುದ್ರಣಕ್ಕೆಂದೇ ಮೂಲೆಯಲ್ಲಿ ಉಳಿಸಿಕೊಳ್ಳುವುದೂ ಮರ್ಯಾದೆಯ ದಾರಿಯೇ. ಮುದ್ರಿಸಿದ್ದಕ್ಕೆ ಎರಡು ಪ್ರತಿ ಬೇರೆ ಕಡೆ ಇರಬೇಕು, ಅಷ್ಟೆ.

ಲಿನಕ್ಸಿನಲ್ಲಿರುವ ಆ ಡ್ರೈವರುಗಳನ್ನು ಬರೆದವರು ಯಾರು? ಅನೇಕವನ್ನು, ಪೆಟ್ಟಿಗೆಯನ್ನು ತಾವೇ ಕೊಂಡು, ಅದು ಕಂಪ್ಯೂಟರಿನೊಡನೆ ಏನು ಮಾತಾಡುತ್ತದೆಂದು ಕದ್ದು ಕೇಳಿ, ಒಂದೊಂದೇ ಶಬ್ದದ ಅರ್ಥ ಹಚ್ಚಿ ಬರೆದವರು ಬಿಡುವಿನ ವೇಳೆಯಲ್ಲಿ ದುಡಿದ ಸಾಮಾನ್ಯ ತಂತ್ರಜ್ಞರು. ಆಪಲ್ಲಿನಂಥ ಕುಬೇರ ಕಂಪನಿ ಬಾಗಿಲು ಮುಚ್ಚಿದ ಫೈರ್‌ವೈರನ್ನು ಲಿನಕ್ಸಿನಲ್ಲಿ 2029ರವರೆಗೆ ನೋಡಿಕೊಳ್ಳುತ್ತೇನೆಂದು ವಹಿಸಿಕೊಂಡವನು ತಕಾಶಿ ಸಕಾಮೊಟೊ ಎಂಬ ಒಬ್ಬ ತಂತ್ರಜ್ಞ. ಹಣವಿದ್ದವನಿಗೆ ಆಗದ್ದು ಇವನಿಗೆ ಹೇಗಾಯಿತು? ಆಗುವುದಿಲ್ಲ ಎಂಬ ಮಾತಿನ ಅರ್ಥ ಲಾಭವಿಲ್ಲ ಎಂದು ತಿಳಿದರೆ ಉತ್ತರ ಸಿಗುತ್ತದೆ. ಈ ಜಗಳವೂ ಹೊಸದಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಶಾಲೆಯಲ್ಲಿ ಝೆರಾಕ್ಸ್ ಮುದ್ರಣಯಂತ್ರವೊಂದು ಪದೇ ಪದೇ ಕಾಗದ ಕಚ್ಚಿಕೊಳ್ಳುತ್ತಿತ್ತು. ಅದರ ತಂತ್ರಾಂಶದ ಮೂಲವನ್ನು ಕೊಟ್ಟರೆ ತಾನೇ ಸುಧಾರಿಸಿಕೊಳ್ಳುವೆನೆಂದು ರಿಚರ್ಡ್ ಸ್ಟಾಲ್ಮನ್ ಎಂಬಾತ ಕೇಳಿದ. ಗುಟ್ಟಿನ ಕರಾರಿದೆಯೆಂದು ಕೊಡಲಿಲ್ಲ. ಆ ಸಿಟ್ಟು ಅವನು 1983ರಲ್ಲಿ ಸಾರಿದ ಸ್ವತಂತ್ರ ತಂತ್ರಾಂಶದ ಚಳುವಳಿಗೆ ಒಂದು ಪ್ರೇರಣೆಯಾಯಿತು. ಇಂದು ಕೊಟ್ಟೂರಿನ ಹುಡುಗ ಜೇಬಿನಲ್ಲಿಟ್ಟುಕೊಂಡು ಬರುವ ಪೆನ್‌ಡ್ರೈವು ಆ ಮರದ ಹಣ್ಣು.

ಹೊಸ ವ್ಯವಸ್ಥೆ ಬಂದಮೇಲೆ ಹಳೆಯದು ಹೋಗಲೇಬೇಕೆಂದು ವಾದಿಸುವವರಿಗೆ ನಾವು ಹರಪನಹಳ್ಳಿಯನ್ನು ತೋರಿಸುತ್ತೇವೆ. ಈ ತಾಲ್ಲೂಕು ಮದ್ರಾಸು ಸರ್ಕಾರದ ಕೆಳಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಇತರ ಕನ್ನಡ ತಾಲ್ಲೂಕುಗಳೊಡನೆ ಮೈಸೂರು ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಸರ್ಕಾರ ಬದಲಾಯಿತು, ಜಿಲ್ಲೆ ಬದಲಾಯಿತು, ಕಚೇರಿಯ ಮೊಹರು ಬದಲಾಯಿತು. ಮದ್ರಾಸಿನ ಕಾಲದಲ್ಲಿ ನೋಂದಾಯಿಸಿದ ಕ್ರಯಪತ್ರ ಹಿಡಿದು ಬಂದ ರೈತನಿಗೆ, ನಿನ್ನ ಕಾಗದವನ್ನು ನಮ್ಮ ಹೊಸ ಕಚೇರಿ ಗುರುತಿಸುವುದಿಲ್ಲ, ಹೊಲವನ್ನು ಇನ್ನೊಮ್ಮೆ ಕೊಂಡುಕೋ ಎಂದು ಯಾವ ತಹಶೀಲ್ದಾರನಾದರೂ ಹೇಳಿದರೆ ಊರು ಸುಮ್ಮನಿರುತ್ತಿತ್ತೆ? ಹಳೆಯ ಕಾಗದವನ್ನು ಓದುವುದು ಹೊಸ ಕಚೇರಿಯ ಹೊಣೆ. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಈ ಹೊಣೆ ಕೊಂಡವನ ಹೆಗಲಿಗೆ ಬಿದ್ದಿದೆ. ಪ್ರೆಸ್ಸಿನವರಿಗೆ ಇದರ ಕಹಿ ಮೊದಲೇ ಗೊತ್ತು. ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ ಪುಟಗಳು ಯೂನಿಕೋಡಿನ ಕಂಪ್ಯೂಟರಿನಲ್ಲಿ ಕಸದ ಅಕ್ಷರಗಳಾಗಿ ಬಿದ್ದವು. ಆದರೆ ಆ ಗುಟ್ಟು ಜನರಿಗೆ ಗೊತ್ತಿದ್ದುದರಿಂದ ಪರಿವರ್ತಿಸುವ ಉಪಕರಣಗಳು ಹುಟ್ಟಿದವು, ಪುಟಗಳು ಉಳಿದವು.

ಹಳೆಯ ಡ್ರೈವರು ಅಪಾಯಕರ, ಭದ್ರತೆಗಾಗಿಯೇ ತಡೆಯುತ್ತೇವೆ ಎಂದು ಕಂಪನಿಗಳು ಹೇಳುವುದರಲ್ಲಿ ಸತ್ಯವಿಲ್ಲದಿಲ್ಲ. ಡ್ರೈವರು ಕಂಪ್ಯೂಟರಿನ ಗರ್ಭಗುಡಿಗೆ ಹೋಗುವಂಥದು; ಅದರ ಬಿರುಕಿನಿಂದ ಕಳ್ಳರು ನುಗ್ಗಿದ್ದುಂಟು. ಹಾಗಾದರೆ ಬಿರುಕನ್ನು ಮುಚ್ಚಲಿ. ಮುಚ್ಚಲು ಮನಸ್ಸಿಲ್ಲದಿದ್ದರೆ, ಈ ಪೆಟ್ಟಿಗೆಯ ಕೆಲಸವನ್ನು ನಿಲ್ಲಿಸಿದ್ದೇವೆಂದು ಸಾರುವ ದಿನವೇ ಡ್ರೈವರಿನ ಮೂಲವನ್ನೋ, ಪೆಟ್ಟಿಗೆಯ ಭಾಷೆಯ ವಿವರವನ್ನೋ ಪ್ರಕಟಿಸಲಿ. ಇದರಿಂದ ಅವರಿಗೆ ಆಗುವ ನಷ್ಟವೇನು? ಅವರು ಮಾರುವುದನ್ನೇ ಬಿಟ್ಟ ವಸ್ತುವಿನ ಗುಟ್ಟು ಅದು.

ನಮ್ಮ ಕಾನೂನಿನಲ್ಲಿ ಇದಕ್ಕೆ ಅರ್ಧ ದಾರಿ ಈಗಾಗಲೇ ಇದೆಯೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನ ಒಂದನೆಯ ಉಪಕಲಮಿಗೆ 1999ರ ತಿದ್ದುಪಡಿಯು (ಎಬಿ) ಎಂಬ ಖಂಡವನ್ನು ಸೇರಿಸಿತು. ನ್ಯಾಯವಾಗಿ ಪಡೆದ ತಂತ್ರಾಂಶವನ್ನು ಬೇರೆ ತಂತ್ರಾಂಶದೊಡನೆ ಹೊಂದಿ ನಡೆಯುವಂತೆ ಮಾಡಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದರೆ, ಅದನ್ನು ಬಗೆದು ತಿಳಿದುಕೊಳ್ಳುವುದು ಅಪರಾಧವಲ್ಲವೆಂಬುದು ಅದರ ತಾತ್ಪರ್ಯ. ಬಗೆದು ತಿಳಿಯಬಹುದು; ಆದರೆ ಕೊಡಬೇಕೆಂದು ಯಾರನ್ನೂ ಅದು ಕಟ್ಟಿಹಾಕುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು, ಅದೇ ಡಿಸೆಂಬರಿನಲ್ಲಿ ತಾಣವೊಂದನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ವಸ್ತು, ವಾಹನ ಎಂದು ವಿಭಾಗ ಮಾಡಿ ಕಂಪನಿಗಳ ದುರಸ್ತಿ ಮಾಹಿತಿಯನ್ನು ಅಲ್ಲಿ ಸೇರಿಸುತ್ತಾರೆ. ಬಿಡಿಭಾಗದ ಮಾತು ಅಲ್ಲಿದೆ. ದುಡಿಮೆಯ ಉಪಕರಣಗಳ ಡ್ರೈವರು ಬಿಡಿಭಾಗವೇ ಎಂಬ ಪ್ರಶ್ನೆಗೆ ಉತ್ತರ ಬೇಕಾಗಿದೆ. 2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಸತ್ತ ಪೆಟ್ಟಿಗೆಯ ಸಂಸ್ಕಾರವನ್ನು ತಯಾರಕನ ತಲೆಗೆ ಕಟ್ಟಿವೆ. ಜೀವಂತ ಪೆಟ್ಟಿಗೆಯನ್ನು ಕೊಲ್ಲಬೇಡವೆಂದು ಹೇಳಿದ್ದರೆ ಸಂಸ್ಕಾರದ ಖರ್ಚೇ ಉಳಿಯುತ್ತಿತ್ತು.

ಡ್ರೈವರನ್ನು ಬಿಡಿಭಾಗವೆಂದು ಒಪ್ಪಬೇಕು. ಬೆಂಬಲ ನಿಲ್ಲಿಸಿದ ದಿನ ಅದರ ವಿವರ ಬಯಲಿಗೆ ಬರಬೇಕು. ಪೆಟ್ಟಿಗೆ ಸಾಮಾನ್ಯ ಭಾಷೆಯನ್ನು ಬಲ್ಲದೋ ಇಲ್ಲವೋ ಎಂಬುದನ್ನು ಮಾರುವಾಗಲೇ ರಟ್ಟಿನ ಮೇಲೆ ಅಚ್ಚುಹಾಕಬೇಕು. ಈ ಮೂರನ್ನು ಅಂಗಡಿಯವರು, ಕಲಾವಿದರು, ಭಜನಾ ಮಂಡಳಿಗಳು ಸೇರಿ ನಮ್ಮ ಸಂಸತ್ ಸದಸ್ಯರಿಗೂ ಇಲಾಖೆಗೂ ಬರೆದು ಕೇಳತಕ್ಕದ್ದು. ಬರೆಯುವಾಗ ಪೆಟ್ಟಿಗೆಯ ಹೆಸರು, ಮಾದರಿಯ ಸಂಖ್ಯೆ, ಕೊಂಡ ವರ್ಷ, ಯಾವ ಕಂಪ್ಯೂಟರಿನಲ್ಲಿ ನಿಂತಿತೆಂಬುದನ್ನು ತಪ್ಪದೆ ಕಾಣಿಸಬೇಕು. ಮೊಗಮ್ಮಾದ ದೂರನ್ನು ಯಾವ ಕಚೇರಿಯೂ ಓದುವುದಿಲ್ಲ. ಪೆಟ್ಟಿಗೆಯ ಜೊತೆ ಬಂದ ಸಿ.ಡಿ.ಯನ್ನು ಎಸೆಯದೆ ಅದರಲ್ಲಿರುವುದನ್ನು ಇಂದೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿರಿ. ತಯಾರಕನ ತಾಣದಿಂದ ಡ್ರೈವರು ಮಾಯವಾದ ಮೇಲೆ ಪಕ್ಕದ ಊರಿನ ಅಂಗಡಿಯವನು ಅದನ್ನು ಕೇಳಿಕೊಂಡು ನಿಮ್ಮಲ್ಲಿಗೇ ಬಂದಾನು.